ಹೈದರಾಬಾದ್ ಆಲ್ವಿನ್

ಹೈದರಾಬಾದ್ ಆಲ್ವಿನ್ ಲಿಮಿಟೆಡ್ ಹೈದರಾಬಾದ್ ಸಂಸ್ಥಾನದಲ್ಲಿ 1942ರಲ್ಲಿ ಆರಂಭವಾದ ಒಂದು ತಯಾರಿಕಾ ಕಂಪನಿ. ಮೊದಲಿಗೆ ಇದರ ಹೆಸರು ಹೈದರಾಬಾದ್ ಆಲ್ವಿನ್ ಮೆಟಲ್ ವರ್ಕ್ಸ್ ಎಂದಿತ್ತು. ಸಂಸ್ಥಾನದ ಸರ್ಕಾರಿ ಬಸ್ಸುಗಳಿಗೆ ಬಾಡಿ ಕಟ್ಟುವುದು ಮತ್ತು ಉಕ್ಕಿನ ಪೀಠೋಪಕರಣಗಳನ್ನು ತಯಾರಿಸುವುದು ಇದರ ಆರಂಭಿಕ ಕೆಲಸಗಳು. ಕಾಲಕ್ರಮದಲ್ಲಿ ಕಂಪನಿಯು ಫ್ರಿಜ್, ಕೈಗಡಿಯಾರ ಮತ್ತು ಲಘು ಸರಕು ವಾಹನಗಳ ತಯಾರಿಕೆಗೂ ಕೈಹಾಕಿ ದಕ್ಷಿಣ ಭಾರತದ ಹೆಸರುವಾಸಿ ಉದ್ಯಮಗಳಲ್ಲಿ ಒಂದಾಯಿತು. 1980ರ ದಶಕದ ಕೊನೆಯಿಂದ 1990ರ ದಶಕದವರೆಗೆ ನಡೆದ ಪುನಾರಚನೆಯಲ್ಲಿ ಇದರ ವಿಭಾಗಗಳು ಒಂದೊಂದಾಗಿ ಬೇರ್ಪಟ್ಟವು. ಕೆಲವು ಖಾಸಗಿ ಕಂಪನಿಗಳ ಕೈಸೇರಿದರೆ, ಉಳಿದವು ಮುಚ್ಚಿಹೋದವು.

ಇಂದಿನ ಬೀದರ್ ಜಿಲ್ಲೆಯ ಇತಿಹಾಸಕ್ಕೂ ಈ ಕಂಪನಿಗೂ ಎರಡು ಬಗೆಯ ನಂಟಿದೆ. ಬೀದರ್, ಭಾಲ್ಕಿ, ಔರಾದ್ ಪ್ರದೇಶಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆಲ್ವಿನ್ ಹುಟ್ಟಿದ್ದೇ ಆ ರಾಜ್ಯದ ರಸ್ತೆ ಸಾರಿಗೆಯ ಅಗತ್ಯವನ್ನು ಪೂರೈಸಲು. ಎರಡನೆಯದಾಗಿ, ಆಲ್ವಿನ್ ಮತ್ತು ಜಪಾನಿನ ನಿಸ್ಸಾನ್ ಕಂಪನಿಯ ಸಹಯೋಗದ ವಾಹನ ಕಾರ್ಖಾನೆ ತಲೆಯೆತ್ತಿದ್ದು ಬೀದರ್‌ನಿಂದ ಸುಮಾರು 30 ಕಿ.ಮೀ. ದೂರದ ಜಹೀರಾಬಾದಿನಲ್ಲಿ. ಈ ಪಟ್ಟಣವು ರಾಜ್ಯ ಪುನರ್ವಿಂಗಡಣೆಯ ಮೊದಲು ಬೀದರ್ ಜಿಲ್ಲೆಯದೇ ಒಂದು ತಾಲ್ಲೂಕು ಕೇಂದ್ರವಾಗಿತ್ತು.

ಹಿನ್ನೆಲೆ

ಹೈದರಾಬಾದ್ ಸಂಸ್ಥಾನವು ತೆಲುಗು, ಮರಾಠಿ ಮತ್ತು ಕನ್ನಡ ಭಾಷಿಕ ಪ್ರದೇಶಗಳನ್ನು ಒಳಗೊಂಡಿತ್ತು. ಬೀದರ್, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಕನ್ನಡಿಗರು ಹೆಚ್ಚಿನ ಸಂಖ್ಯೆಯಲ್ಲಿದ್ದರು. ಸಂಸ್ಥಾನದ ರೈಲ್ವೆಯನ್ನು ಬಹುಕಾಲ ಇಂಗ್ಲೆಂಡಿನಲ್ಲಿ ನೋಂದಣಿಯಾದ ಕಂಪನಿಯೊಂದು ನಡೆಸುತ್ತಿತ್ತು. 1930ರಲ್ಲಿ ನಿಜಾಮ್ ಸರ್ಕಾರವು ಅದನ್ನು ಖರೀದಿಸಿ ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಆ ಬಳಿಕ ರೈಲು ಹೋಗದ ಊರುಗಳಿಗೆ ಬಸ್ ಸೌಕರ್ಯ ಒದಗಿಸುವ ಹೊಣೆಯೂ ರೈಲ್ವೆಗೇ ಬಂದಿತು.

1932ರ ಜೂನ್ ತಿಂಗಳಲ್ಲಿ ನಿಜಾಮ್ ಸರ್ಕಾರಿ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ವಿಭಾಗವು 27 ಬಸ್ಸುಗಳು ಮತ್ತು 166 ಸಿಬ್ಬಂದಿಯೊಂದಿಗೆ ಕೆಲಸ ಆರಂಭಿಸಿತು. ಸರ್ಕಾರವೇ ನೇರವಾಗಿ ಬಸ್ ಸಂಚಾರ ನಡೆಸಿದ ಭಾರತದ ಆರಂಭಿಕ ಉದಾಹರಣೆಗಳಲ್ಲಿ ಇದು ಪ್ರಮುಖವಾದುದು. ರೈಲು ಮತ್ತು ಬಸ್ ಎರಡೂ ಒಂದೇ ಆಡಳಿತದಲ್ಲಿದ್ದುದರಿಂದ ಅವು ಪರಸ್ಪರ ಪೈಪೋಟಿ ನಡೆಸದೆ ಪೂರಕವಾಗಿ ಸಾಗಲು ಸಾಧ್ಯವಾಯಿತು. ವಿಕಾರಾಬಾದಿನಿಂದ ಹೊರಟು ಜಹೀರಾಬಾದ್, ಬೀದರ್, ಭಾಲ್ಕಿ, ಕಮಲನಗರಗಳ ಮೂಲಕ ಪರಳಿಯ ಕಡೆಗೆ ಸಾಗುವ ರೈಲು ಮಾರ್ಗವು ನಿಜಾಮ್ ರೈಲ್ವೆಯದೇ ಕೊಡುಗೆ. ಇಂತಹ ಮಾರ್ಗದಿಂದ ದೂರವಿದ್ದ ಊರುಗಳಿಗೆ ಬಸ್ಸೇ ಆಧಾರವಾಗಬೇಕಿತ್ತು.

ಆ ಕಾಲದ ಬಸ್ಸುಗಳ ಎಂಜಿನ್ ಮತ್ತು ಚಾಸಿಗಳು ಬ್ರಿಟನ್ನಿನಿಂದ ಬರುತ್ತಿದ್ದವು. ಹೈದರಾಬಾದ್ ಸಾರಿಗೆಯು ಮುಖ್ಯವಾಗಿ ಆಲ್ಬಿಯನ್ ಕಂಪನಿಯ ವಾಹನಗಳನ್ನು ಆರಿಸಿಕೊಂಡಿತ್ತು. ಆಲ್ಬಿಯನ್ 1899ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸ್ಥಾಪನೆಯಾದ ಕಂಪನಿ. 1951ರಲ್ಲಿ ಅದು ಇಂಗ್ಲೆಂಡಿನ ಲೇಲ್ಯಾಂಡ್ ಕಂಪನಿಯ ವಶವಾಯಿತು. 1932ರ ಮೊದಲ ತಂಡಕ್ಕೆ ಸೇರಿದ ಒಂದು ಆಲ್ಬಿಯನ್ ಬಸ್ಸನ್ನು ಹೈದರಾಬಾದಿನ ಬಸ್ ಭವನದಲ್ಲಿ ಉಳಿಸಿಕೊಳ್ಳಲಾಗಿದೆ.

ಸಂಸ್ಥಾನದಲ್ಲಿ ಕೈಗಾರಿಕೆಗಳನ್ನು ಬೆಳೆಸಲು 1929ರಲ್ಲಿ ಕೈಗಾರಿಕಾ ಟ್ರಸ್ಟ್ ನಿಧಿಯನ್ನು ಸ್ಥಾಪಿಸಲಾಗಿತ್ತು. ಖಾಸಗಿ ಉದ್ಯಮಿಗಳು ಆರಂಭಿಸುವ ಕಂಪನಿಗಳಲ್ಲಿ ಸರ್ಕಾರದ ಪರವಾಗಿ ಷೇರು ಬಂಡವಾಳ ಹೂಡುವುದು ಇದರ ಕ್ರಮ. ಬೋಧನದ ನಿಜಾಮ್ ಸಕ್ಕರೆ ಕಾರ್ಖಾನೆ, ಸಿರಪುರ ಕಾಗದದ ಗಿರಣಿ, ಪ್ರಾಗಾ ಟೂಲ್ಸ್ ಮೊದಲಾದ ಉದ್ಯಮಗಳು ಸಂಸ್ಥಾನದಲ್ಲಿ ತಲೆಯೆತ್ತಿದ್ದು ಇದೇ ಅವಧಿಯಲ್ಲಿ.

ಸ್ಥಾಪನೆ

ಎರಡನೆಯ ಮಹಾಯುದ್ಧದ ಸಮಯದಲ್ಲಿ ಬ್ರಿಟನ್ನಿನ ಕಾರ್ಖಾನೆಗಳು ಯುದ್ಧ ಸಾಮಗ್ರಿಯ ತಯಾರಿಕೆಗೆ ತೊಡಗಿದವು. ಸಮುದ್ರ ಮಾರ್ಗವೂ ಅಪಾಯಕಾರಿಯಾಯಿತು. ಹೊರದೇಶದಿಂದ ಬರುವ ವಾಹನ ಮತ್ತು ಬಿಡಿಭಾಗಗಳನ್ನೇ ನೆಚ್ಚಿಕೊಂಡಿದ್ದ ಸಾರಿಗೆ ಸಂಸ್ಥೆಗಳಿಗೆ ಸ್ಥಳೀಯ ಕಾರ್ಖಾನೆಗಳ ಅಗತ್ಯ ಮನವರಿಕೆಯಾದ ಕಾಲವದು. ಈ ಸಂದರ್ಭದಲ್ಲಿ, 1942ರಲ್ಲಿ, ಕೈಗಾರಿಕಾ ಟ್ರಸ್ಟ್ ನಿಧಿ ಮತ್ತು ಹೈದರಾಬಾದಿನ ವ್ಯಾಪಾರಿ ಮನೆತನದ ಅಲ್ಲಾದೀನ್ ಅಂಡ್ ಕಂಪನಿ ಜಂಟಿಯಾಗಿ ಹೈದರಾಬಾದ್ ಆಲ್ವಿನ್ ಮೆಟಲ್ ವರ್ಕ್ಸ್ ಕಂಪನಿಯನ್ನು ಹುಟ್ಟುಹಾಕಿದವು. ನಗರದ ಹೊರವಲಯದ ಸನತ್‌ನಗರ ಕೈಗಾರಿಕಾ ಪ್ರದೇಶವು ಅದರ ನೆಲೆಯಾಯಿತು.

ಕಂಪನಿಯ ರಚನೆಯಲ್ಲಿಯೇ ಎರಡು ವಿಶೇಷಗಳಿದ್ದವು. ಮೊದಲನೆಯದು, ಸರ್ಕಾರದ ಹಣ ಮತ್ತು ಖಾಸಗಿ ವ್ಯಾಪಾರಿಯ ಅನುಭವದ ಕೂಡುವಿಕೆ. ಎರಡನೆಯದು, ಸಿದ್ಧ ಗಿರಾಕಿ. ಸರ್ಕಾರದ ಬಂಡವಾಳವಿದ್ದ ಕಾರ್ಖಾನೆಯಲ್ಲಿ ತಯಾರಾದ ಬಸ್ ಬಾಡಿಯನ್ನು ಸರ್ಕಾರದ್ದೇ ಸಾರಿಗೆ ವಿಭಾಗ ಕೊಳ್ಳುತ್ತಿತ್ತು. ಕಂಪನಿಯ ಆರಂಭದ ಬೆಳವಣಿಗೆಗೆ ಈ ಭದ್ರತೆ ನೆರವಾಯಿತು. ಅದೇ ಭದ್ರತೆಯು ಕಂಪನಿಯನ್ನು ಮುಕ್ತ ಮಾರುಕಟ್ಟೆಯ ಪೈಪೋಟಿಯಿಂದ ದೂರವಿಟ್ಟಿತೆಂಬುದನ್ನೂ ಮುಂದಿನ ಬೆಳವಣಿಗೆಗಳನ್ನು ಅರಿಯುವಾಗ ಗಮನಿಸಬೇಕಾಗುತ್ತದೆ.

ಬಸ್ ಬಾಡಿ ನಿರ್ಮಾಣ

ಬಸ್ಸಿನ ತಯಾರಿಕೆಯಲ್ಲಿ ಎರಡು ಹಂತಗಳಿವೆ. ಎಂಜಿನ್, ಗೇರು, ಚಕ್ರ ಮತ್ತು ಇವುಗಳನ್ನು ಹೊರುವ ಉಕ್ಕಿನ ಚೌಕಟ್ಟನ್ನು ಒಟ್ಟಾಗಿ ಚಾಸಿ ಎನ್ನುತ್ತಾರೆ. ಇದನ್ನು ವಾಹನ ಕಂಪನಿ ತಯಾರಿಸುತ್ತದೆ. ಚಾಸಿಯ ಮೇಲೆ ನೆಲಹಾಸು, ಪಕ್ಕದ ಗೋಡೆ, ಛಾವಣಿ, ಕಿಟಕಿ, ಬಾಗಿಲು ಮತ್ತು ಆಸನಗಳನ್ನು ಕಟ್ಟುವ ಕೆಲಸಕ್ಕೆ ಬಾಡಿ ನಿರ್ಮಾಣ ಎಂದು ಹೆಸರು. ಭಾರತದಲ್ಲಿ ಬಹುಕಾಲ ಈ ಎರಡು ಕೆಲಸಗಳನ್ನು ಬೇರೆ ಬೇರೆ ಸಂಸ್ಥೆಗಳು ಮಾಡುತ್ತಿದ್ದವು. ಒಂದೇ ಕಂಪನಿಯ ಚಾಸಿಯ ಮೇಲೆ ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ರೂಪದ ಬಸ್ಸುಗಳು ಕಾಣಿಸುವುದಕ್ಕೆ ಇದೇ ಕಾರಣ.

ಬಾಡಿ ನಿರ್ಮಾಣವು ಮೂಲತಃ ತಗಡಿನ ಕೆಲಸ. ತಗಡನ್ನು ಅಳತೆಗೆ ಕತ್ತರಿಸುವುದು, ಯಂತ್ರದಿಂದ ಒತ್ತಿ ಬಾಗಿಸುವುದು, ಬೆಸುಗೆ ಹಾಕುವುದು ಅಥವಾ ರಿವೆಟ್ ಹೊಡೆಯುವುದು, ತುಕ್ಕು ಹಿಡಿಯದಂತೆ ಬಣ್ಣ ಬಳಿಯುವುದು ಇದರ ಮುಖ್ಯ ಹಂತಗಳು. ಉಕ್ಕಿನ ಬೀರು, ಮೇಜು ಮತ್ತು ಕಪಾಟುಗಳನ್ನು ಮಾಡಲು ಬೇಕಾದ ಯಂತ್ರಗಳೂ ಕುಶಲತೆಯೂ ಇವೇ. ಹೀಗಾಗಿ ಬಸ್ ಬಾಡಿಯ ಜೊತೆಗೆ ಪೀಠೋಪಕರಣಗಳನ್ನೂ ತಯಾರಿಸುವುದು ಆಲ್ವಿನ್‌ಗೆ ಸಹಜವಾಗಿತ್ತು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿತು. 1951ರ ನವೆಂಬರ್ 1ರಂದು ರಸ್ತೆ ಸಾರಿಗೆ ವಿಭಾಗವು ರೈಲ್ವೆಯಿಂದ ಬೇರ್ಪಟ್ಟು ಹೈದರಾಬಾದ್ ರಾಜ್ಯ ಸರ್ಕಾರದ ಅಧೀನಕ್ಕೆ ಬಂದಿತು. ರೈಲ್ವೆಯು ಕೇಂದ್ರ ಸರ್ಕಾರದ ವ್ಯವಸ್ಥೆಯಲ್ಲಿ ಲೀನವಾಯಿತು.

1956ರ ರಾಜ್ಯ ಪುನರ್ವಿಂಗಡಣೆ ಮತ್ತು ಬೀದರ್

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಮೂರು ಭಾಗವಾಯಿತು. ಅಂದಿನ ಬೀದರ್ ಜಿಲ್ಲೆಯೂ ಭಾಷೆಯ ಆಧಾರದಲ್ಲಿ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಬೀದರ್, ಭಾಲ್ಕಿ, ಹುಮನಾಬಾದ್ ಮತ್ತು ಸಂತಪೂರ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಸಂತಪೂರ ಎಂದರೆ ಇಂದಿನ ಔರಾದ್ ಭಾಗ. ಉದಗಿರ, ಅಹಮದಪುರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್ ಮತ್ತು ನಾರಾಯಣಖೇಡಗಳು ಆಂಧ್ರಪ್ರದೇಶದ ಮೇದಕ್ ಜಿಲ್ಲೆಗೂ ಸೇರಿದವು.

ಸಾರಿಗೆ ವ್ಯವಸ್ಥೆಯೂ ಇದೇ ರೀತಿ ವಿಭಜನೆಯಾಯಿತು. ಆಂಧ್ರಪ್ರದೇಶದಲ್ಲಿ 1958ರ ಜನವರಿ 11ರಂದು ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು. ಮೈಸೂರು ರಾಜ್ಯದಲ್ಲಿ 1961ರ ಆಗಸ್ಟ್ 1ರಂದು ನಿಗಮ ಅಸ್ತಿತ್ವಕ್ಕೆ ಬಂದಿತು. ಕನ್ನಡ ಜಿಲ್ಲೆಗಳ ಬಸ್ ಸಂಚಾರ ಅದರ ಪಾಲಿಗೆ ಬಂದಿತು. 2000ದ ಆಗಸ್ಟ್ 15ರಂದು ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡು ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಪ್ರತ್ಯೇಕಗೊಂಡಿತು. ಇದೇ ಸಂಸ್ಥೆ ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂಬ ಹೆಸರಿನಲ್ಲಿದೆ.

ಈ ವಿಭಜನೆಯಿಂದ ಬೀದರ್ ಪ್ರದೇಶದ ಆಡಳಿತ ಕೇಂದ್ರವು ಹೈದರಾಬಾದಿನಿಂದ ದೂರದ ಬೆಂಗಳೂರಿಗೆ ಬದಲಾಯಿತು. ಸಂಸ್ಥಾನದ ಕಾಲದಲ್ಲಿ ಬಂಡವಾಳ ಹೂಡಿಕೆ ಬಹುಮಟ್ಟಿಗೆ ರಾಜಧಾನಿಯ ಸುತ್ತಲೇ ಕೇಂದ್ರೀಕೃತವಾಗಿತ್ತು. ಸನತ್‌ನಗರದ ಕಾರ್ಖಾನೆಗಳು ಆಂಧ್ರಪ್ರದೇಶದಲ್ಲಿ ಉಳಿದವು. ಆಲ್ವಿನ್ ಕಂಪನಿಯಲ್ಲಿದ್ದ ಸರ್ಕಾರಿ ಪಾಲು ಆಂಧ್ರಪ್ರದೇಶಕ್ಕೆ ಸಂದು, ಮುಂದೆ ಕಂಪನಿಯು ಆ ರಾಜ್ಯದ ಸರ್ಕಾರಿ ಉದ್ಯಮವೆಂದೇ ಪರಿಗಣಿತವಾಯಿತು. ಆದರೆ ವ್ಯಾಪಾರ, ಆಸ್ಪತ್ರೆ, ಶಿಕ್ಷಣ ಮತ್ತು ಉದ್ಯೋಗಕ್ಕಾಗಿ ಬೀದರ್ ಭಾಗದ ಜನರು ಹೈದರಾಬಾದಿಗೆ ಹೋಗುವ ರೂಢಿ ಮಾತ್ರ ಗಡಿ ಬದಲಾದ ಮೇಲೂ ನಿಲ್ಲಲಿಲ್ಲ.

ಉತ್ಪನ್ನಗಳ ವಿಸ್ತರಣೆ

ಫ್ರಿಜ್

ಆಲ್ವಿನ್ ಹೆಸರನ್ನು ದೇಶದಾದ್ಯಂತ ಮನೆಮಾತಾಗಿಸಿದ್ದು ಬಸ್ಸಲ್ಲ, ಫ್ರಿಜ್. ಫ್ರಿಜ್ಜಿನ ಹೊರಕವಚವೂ ಒತ್ತಿ ಬಾಗಿಸಿದ ಉಕ್ಕಿನ ತಗಡೇ. ಅದಕ್ಕೆ ಶಾಖ ತಡೆಯುವ ಪದರ, ಕಂಪ್ರೆಸರ್ ಮತ್ತು ಶೀತಕ ಅನಿಲ ಹರಿಯುವ ನಳಿಗೆಗಳು ಸೇರುತ್ತವೆ. ತಗಡಿನ ಕೆಲಸದಲ್ಲಿ ನುರಿತ ಕಾರ್ಖಾನೆಗೆ ಈ ಕ್ಷೇತ್ರ ಪೂರ್ತಿ ಹೊಸದಾಗಿರಲಿಲ್ಲ. 1980ರ ದಶಕದ ಭಾರತದಲ್ಲಿ ಗೋದ್ರೆಜ್, ಕೆಲ್ವಿನೇಟರ್, ವೋಲ್ಟಾಸ್ ಮತ್ತು ಆಲ್ವಿನ್ ಪ್ರಮುಖ ಫ್ರಿಜ್ ತಯಾರಕರಾಗಿದ್ದವು.

ಅಂದು ಯಾವ ಕಂಪನಿ ಯಾವ ವಸ್ತುವನ್ನು ಎಷ್ಟು ಪ್ರಮಾಣದಲ್ಲಿ ತಯಾರಿಸಬೇಕೆಂಬುದು ಸರ್ಕಾರದ ಪರವಾನಗಿಯನ್ನು ಅವಲಂಬಿಸಿತ್ತು. ಪರವಾನಗಿ ಪಡೆದ ಕಂಪನಿಗಳು ಕೆಲವೇ ಇದ್ದುದರಿಂದ ತಯಾರಿಸಿದ್ದಕ್ಕೆ ಗಿರಾಕಿ ಸಿಗುವುದು ಕಷ್ಟವಾಗಿರಲಿಲ್ಲ.

ಕೈಗಡಿಯಾರ

1980ರ ದಶಕದ ಆರಂಭದಲ್ಲಿ ಆಲ್ವಿನ್ ಜಪಾನಿನ ಸೀಕೊ ಕಂಪನಿಯ ತಾಂತ್ರಿಕ ನೆರವಿನಿಂದ ಕೈಗಡಿಯಾರ ತಯಾರಿಕೆಗೆ ಇಳಿಯಿತು. ಅದುವರೆಗೆ ಭಾರತದ ಗಡಿಯಾರ ಮಾರುಕಟ್ಟೆಯಲ್ಲಿ ಬೆಂಗಳೂರಿನ ಎಚ್‌ಎಂಟಿ ಕಂಪನಿಗೆ ಪ್ರಾಬಲ್ಯವಿತ್ತು. ಎಚ್‌ಎಂಟಿ 1961ರಲ್ಲಿ ಜಪಾನಿನದೇ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಗಡಿಯಾರ ತಯಾರಿಕೆ ಆರಂಭಿಸಿತ್ತು.

ಹಿಂದಿನ ಉತ್ಪನ್ನಗಳಿಗೂ ಕೈಗಡಿಯಾರಕ್ಕೂ ಮೂಲಭೂತ ಅಂತರವಿದೆ. ಬಸ್, ಬೀರು, ಫ್ರಿಜ್ ಮೂರರಲ್ಲಿಯೂ ತಗಡಿನ ಕೆಲಸವೇ ಸಮಾನ ತಳಹದಿ. ಕೈಗಡಿಯಾರವಾದರೋ ಅತಿ ಸೂಕ್ಷ್ಮ ಭಾಗಗಳ ಜೋಡಣೆಯ ಕೆಲಸ. ಇದರಲ್ಲಿ ಕಂಪನಿಗೆ ಸ್ವಂತ ಅನುಭವದ ಬೆಂಬಲವಿರಲಿಲ್ಲ. ಹೊರಗಿನಿಂದ ಪಡೆದ ತಂತ್ರಜ್ಞಾನವೇ ಆಧಾರವಾಗಿತ್ತು.

ಆಲ್ವಿನ್ ನಿಸ್ಸಾನ್ ಮತ್ತು ಜಹೀರಾಬಾದ್ ಕಾರ್ಖಾನೆ

1980ರ ದಶಕದ ಮೊದಲರ್ಧದಲ್ಲಿ ಭಾರತ ಸರ್ಕಾರವು ಲಘು ಸರಕು ವಾಹನಗಳ ಕ್ಷೇತ್ರದಲ್ಲಿ ಜಪಾನೀ ಕಂಪನಿಗಳ ಸಹಯೋಗಕ್ಕೆ ಅನುಮತಿ ನೀಡಿತು. ದೊಡ್ಡ ಲಾರಿಗಿಂತ ಚಿಕ್ಕದಾದ, ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಸಾಗಬಲ್ಲ ವಾಹನಗಳಿವು. ನಾಲ್ಕು ಜಂಟಿ ಉದ್ಯಮಗಳು ಹೀಗೆ ಆರಂಭವಾದವು: ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಡಿಸಿಎಂ ಟೊಯೋಟಾ, ಪಂಜಾಬಿನಲ್ಲಿ ಸ್ವರಾಜ್ ಮಜ್ದಾ, ಮಧ್ಯಪ್ರದೇಶದ ಪೀತಾಂಪುರದಲ್ಲಿ ಐಷರ್ ಮಿತ್ಸುಬಿಷಿ, ಆಂಧ್ರಪ್ರದೇಶದ ಜಹೀರಾಬಾದಿನಲ್ಲಿ ಆಲ್ವಿನ್ ನಿಸ್ಸಾನ್.

ಆಲ್ವಿನ್ ನಿಸ್ಸಾನ್ ಪ್ರತ್ಯೇಕ ಕಂಪನಿಯಾಗಿ ರಚನೆಗೊಂಡಿತು. ನಿಸ್ಸಾನಿನ ಕ್ಯಾಬ್‌ಸ್ಟಾರ್ ಮಾದರಿಯ ವಾಹನವನ್ನು ಇಲ್ಲಿ ತಯಾರಿಸಲಾಗುತ್ತಿತ್ತು. ಕಾರ್ಖಾನೆಗಳನ್ನು ಮಹಾನಗರಗಳಿಂದ ಹಿಂದುಳಿದ ಪ್ರದೇಶಗಳತ್ತ ಒಯ್ಯಲು ಅಂದಿನ ಕೈಗಾರಿಕಾ ನೀತಿಯು ಪ್ರೋತ್ಸಾಹ ನೀಡುತ್ತಿತ್ತು. ಜಹೀರಾಬಾದಿಗೆ ಪುಣೆ ಮತ್ತು ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ ಹಾಗೂ ವಿಕಾರಾಬಾದ್–ಬೀದರ್ ರೈಲು ಮಾರ್ಗ ಎರಡರ ಅನುಕೂಲವೂ ಇತ್ತು. ಇಲ್ಲಿಂದ ಪಶ್ಚಿಮಕ್ಕೆ ಇದೇ ಹೆದ್ದಾರಿ ಹುಮನಾಬಾದಿನ ಮೂಲಕ ಸೊಲ್ಲಾಪುರದ ಕಡೆಗೆ ಸಾಗುತ್ತದೆ.

ಮೂವತ್ತು ವರ್ಷಗಳ ಹಿಂದೆ ಬೀದರ್ ಜಿಲ್ಲೆಯ ಭಾಗವಾಗಿದ್ದ ಪಟ್ಟಣಕ್ಕೆ ಹೀಗೆ ಆಧುನಿಕ ವಾಹನ ಕಾರ್ಖಾನೆ ಬಂದಿತು. ಆದರೆ ಅದು ರಾಜ್ಯದ ಗಡಿಯ ಆಚೆಗಿತ್ತು. ಕಾರ್ಖಾನೆಯಿಂದ ಬರುವ ತೆರಿಗೆ ಮತ್ತು ಪೂರಕ ಕೈಗಾರಿಕೆಗಳ ಯೋಜನೆ ಆಂಧ್ರಪ್ರದೇಶದ ಆಡಳಿತದ ವ್ಯಾಪ್ತಿಗೆ ಸೇರಿದ್ದವು. ಭೌಗೋಳಿಕವಾಗಿ ಹತ್ತಿರವಿದ್ದರೂ ಆಡಳಿತದ ದೃಷ್ಟಿಯಿಂದ ಬೀದರ್ ಹೊರಗಿತ್ತು.

ಹಿನ್ನಡೆಯ ಕಾರಣಗಳು

ಆಲ್ವಿನ್ ಸಮೂಹದ ನಾಲ್ಕು ಕ್ಷೇತ್ರಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ಪರಿಸ್ಥಿತಿ ಬದಲಾಯಿತು.

ಯೆನ್ ಬೆಲೆಯ ಏರಿಕೆ: ಜಪಾನೀ ಸಹಯೋಗದ ವಾಹನ ಕಂಪನಿಗಳು ಆರಂಭದ ವರ್ಷಗಳಲ್ಲಿ ಮುಖ್ಯ ಬಿಡಿಭಾಗಗಳನ್ನು ಜಪಾನಿನಿಂದ ತರಿಸಿಕೊಳ್ಳುತ್ತಿದ್ದವು. ಹಂತಹಂತವಾಗಿ ಅವುಗಳನ್ನು ಭಾರತದಲ್ಲಿಯೇ ತಯಾರಿಸಬೇಕೆಂಬುದು ಪರವಾನಗಿಯ ಕರಾರು. 1985ರ ಸೆಪ್ಟೆಂಬರಿನಲ್ಲಿ ಐದು ಪ್ರಮುಖ ದೇಶಗಳ ನಡುವೆ ನಡೆದ ಪ್ಲಾಜಾ ಒಪ್ಪಂದದ ಬಳಿಕ ಯೆನ್ ಬಲಗೊಂಡಿತು. ಒಪ್ಪಂದಕ್ಕೆ ಮುನ್ನ ಒಂದು ಡಾಲರಿಗೆ ಸುಮಾರು 240 ಯೆನ್ ಇದ್ದುದು 1988ರ ವೇಳೆಗೆ ಸುಮಾರು 130ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಡಾಲರಿನ ಎದುರು ರೂಪಾಯಿಯೂ ದುರ್ಬಲಗೊಂಡಿತು. ಪರಿಣಾಮವಾಗಿ ಜಪಾನಿನಲ್ಲಿ 10,000 ಯೆನ್ ಬೆಲೆಯ ಬಿಡಿಭಾಗಕ್ಕೆ ಮೊದಲು ಸುಮಾರು 500 ರೂಪಾಯಿ ತೆರಬೇಕಿದ್ದಲ್ಲಿ, ಮೂರು ವರ್ಷಗಳಲ್ಲಿ ಸುಮಾರು 1,000 ರೂಪಾಯಿ ತೆರಬೇಕಾಯಿತು. ಕಾರ್ಖಾನೆಯ ಒಳಗೆ ಯಾವ ತಪ್ಪೂ ನಡೆಯದಿದ್ದರೂ ವಾಹನದ ವೆಚ್ಚ ಏರುವಂತಾಯಿತು.

ದೇಶೀಯ ಪೈಪೋಟಿ: 1986ರಲ್ಲಿ ಟಾಟಾ ಕಂಪನಿಯು ಸ್ವಂತವಾಗಿ ರೂಪಿಸಿದ 407 ಮಾದರಿಯ ವಾಹನವನ್ನು ಮಾರುಕಟ್ಟೆಗೆ ತಂದಿತು. ಅದರ ಬಿಡಿಭಾಗಗಳಿಗೆ ಯೆನ್ ಬೆಲೆಯ ಹಂಗಿರಲಿಲ್ಲ. ಟಾಟಾ ಲಾರಿಗಳನ್ನು ದುರಸ್ತಿ ಮಾಡಿ ಪಳಗಿದ ಮೆಕ್ಯಾನಿಕ್‌ಗಳು ಊರೂರುಗಳಲ್ಲಿ ಇದ್ದುದೂ ಅದಕ್ಕೆ ಅನುಕೂಲವಾಯಿತು. ನಾಲ್ಕೂ ಜಪಾನೀ ಸಹಯೋಗದ ಕಂಪನಿಗಳಿಗೆ 407 ಕಠಿಣ ಸ್ಪರ್ಧಿಯಾಯಿತು.

ಗಡಿಯಾರ ಕ್ಷೇತ್ರದ ಬದಲಾವಣೆ: 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮದ ಜಂಟಿ ಉದ್ಯಮವಾಗಿ ಟೈಟನ್ ಸ್ಥಾಪನೆಯಾಯಿತು. ಬೆಂಗಳೂರಿಗೆ ಸಮೀಪದ ಹೊಸೂರಿನಲ್ಲಿ ಅದರ ಕಾರ್ಖಾನೆ ಕಟ್ಟಲಾಯಿತು. ಕೀಲಿ ಕೊಡುವ ಗಡಿಯಾರಗಳ ಬದಲು ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳಿಗೆ ಟೈಟನ್ ಒತ್ತು ನೀಡಿತು. ವಿನ್ಯಾಸ, ಜಾಹೀರಾತು ಮತ್ತು ಆಕರ್ಷಕ ಮಳಿಗೆಗಳ ಮೂಲಕ ಗಡಿಯಾರವನ್ನು ಆಭರಣದಂತೆ ಮಾರಿತು. ಎಚ್‌ಎಂಟಿಯಂತಹ ದೊಡ್ಡ ಸಂಸ್ಥೆಯೇ ಈ ಪೈಪೋಟಿಯಲ್ಲಿ ಹಿಂದೆ ಬಿದ್ದಿತು.

ಬಸ್ ಬಾಡಿಯ ಬೇಡಿಕೆ: ರಾಜ್ಯ ಸಾರಿಗೆ ನಿಗಮಗಳು ಬೆಳೆದಂತೆ ತಮ್ಮದೇ ಕಾರ್ಯಾಗಾರಗಳಲ್ಲಿ ಬಾಡಿ ಕಟ್ಟತೊಡಗಿದವು. ಆಂಧ್ರಪ್ರದೇಶದ ನಿಗಮವು ಹೈದರಾಬಾದಿನ ಮಿಯಾಪುರದಲ್ಲಿ ಬಾಡಿ ನಿರ್ಮಾಣ ಘಟಕ ಹೊಂದಿತ್ತು. ಕರ್ನಾಟಕದ ನಿಗಮವೂ ಬೆಂಗಳೂರು ಮತ್ತು ಹುಬ್ಬಳ್ಳಿಯ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ಈ ಕೆಲಸ ನಡೆಸಿತು. 1942ರಲ್ಲಿದ್ದ ಸಿದ್ಧ ಗಿರಾಕಿ ಹೀಗೆ ತಾನೇ ತಯಾರಕನಾದನು.

1991ರ ಆರ್ಥಿಕ ನೀತಿ: ಹೊಸ ಕೈಗಾರಿಕಾ ನೀತಿಯು ಹೆಚ್ಚಿನ ಉತ್ಪನ್ನಗಳಿಗೆ ಪರವಾನಗಿಯ ಕಟ್ಟುಪಾಡನ್ನು ತೆಗೆದುಹಾಕಿತು. ವಿದೇಶಿ ಕಂಪನಿಗಳ ಪ್ರವೇಶ ಸುಲಭವಾಯಿತು. ಫ್ರಿಜ್ ಕ್ಷೇತ್ರದಲ್ಲಿ ಅಮೆರಿಕದ ವರ್ಲ್‌ಪೂಲ್ ಕೆಲ್ವಿನೇಟರ್ ಆಫ್ ಇಂಡಿಯಾ ಕಂಪನಿಯನ್ನು ಕೊಂಡಿತು. ಬಳಿಕ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಬಂದವು. ಹೊಸ ಮಾದರಿಗಳಿಗೆ ಮತ್ತು ಪ್ರಚಾರಕ್ಕೆ ಅಪಾರ ಬಂಡವಾಳ ಬೇಕಾಯಿತು.

ನಾಲ್ಕು ಬೇರೆ ಬೇರೆ ಕ್ಷೇತ್ರಗಳಿಗೂ ಒಂದೇ ವೇಳೆಗೆ ಹೊಸ ಬಂಡವಾಳ ಬೇಕಾದಾಗ, ಅದನ್ನು ಒದಗಿಸುವ ಶಕ್ತಿ ಒಂದು ರಾಜ್ಯ ಸರ್ಕಾರಕ್ಕೆ ಇರುವುದು ಕಷ್ಟ. ಒಂದು ವಿಭಾಗದ ಲಾಭ ಮತ್ತೊಂದರ ನಷ್ಟವನ್ನು ತುಂಬೀತು ಎಂಬುದು ಬಹು ಉತ್ಪನ್ನಗಳ ಕಂಪನಿಯ ಪ್ರಯೋಜನ. ಎಲ್ಲ ವಿಭಾಗಗಳೂ ಒಟ್ಟಿಗೆ ಒತ್ತಡಕ್ಕೆ ಸಿಲುಕಿದಾಗ ಆ ಪ್ರಯೋಜನ ಉಳಿಯುವುದಿಲ್ಲ.

ಪುನಾರಚನೆ

ಕಂಪನಿಯ ಪುನಾರಚನೆ ಎಂದರೆ ಅದರ ಆಸ್ತಿ, ಸಾಲ, ಒಡೆತನ ಮತ್ತು ವಿಭಾಗಗಳನ್ನು ಹೊಸದಾಗಿ ಹೊಂದಿಸುವುದು. ನಷ್ಟದಿಂದ ಬಂಡವಾಳ ಕರಗಿದ ಕೈಗಾರಿಕೆಗಳಿಗಾಗಿ ಭಾರತದಲ್ಲಿ 1985ರ ರೋಗಗ್ರಸ್ತ ಕೈಗಾರಿಕಾ ಕಂಪನಿಗಳ ಕಾಯ್ದೆ ಜಾರಿಯಲ್ಲಿತ್ತು. 1991ರ ತಿದ್ದುಪಡಿಯ ಮೂಲಕ ಸರ್ಕಾರಿ ಕಂಪನಿಗಳನ್ನೂ ಅದರ ವ್ಯಾಪ್ತಿಗೆ ತರಲಾಯಿತು. ವಿಲೀನ, ವಿಭಾಗಗಳ ಬೇರ್ಪಡಿಕೆ, ಮಾರಾಟ ಮತ್ತು ಸಮಾಪನ ಆ ಕಾಲದಲ್ಲಿ ಇಂತಹ ಕಂಪನಿಗಳ ಮುಂದಿದ್ದ ದಾರಿಗಳು. ಆಲ್ವಿನ್ ಸಮೂಹದಲ್ಲಿ ಇವು ಬೇರೆ ಬೇರೆ ವಿಭಾಗಗಳಿಗೆ ಅನ್ವಯವಾದವು.

ಲಘು ವಾಹನ: 1980ರ ದಶಕದ ಕೊನೆಯ ವೇಳೆಗೆ ಆಲ್ವಿನ್ ನಿಸ್ಸಾನ್ ಕಂಪನಿಯ ಆಡಳಿತವು ಮಹೀಂದ್ರಾ ಅಂಡ್ ಮಹೀಂದ್ರಾ ಕಂಪನಿಯ ಕೈಗೆ ಬಂದಿತು. ಅದರ ಹೆಸರು ಮಹೀಂದ್ರಾ ನಿಸ್ಸಾನ್ ಆಲ್ವಿನ್ ಎಂದಾಯಿತು. 1990ರ ದಶಕದ ಮಧ್ಯಭಾಗದಲ್ಲಿ ಅದು ಮಹೀಂದ್ರಾದಲ್ಲಿ ವಿಲೀನವಾಯಿತು. ಕ್ಯಾಬ್‌ಸ್ಟಾರ್ ಮಾದರಿಯ ಮುಂದುವರಿಕೆಯಾಗಿ ಮಹೀಂದ್ರಾ ಹೆಸರಿನ ಲಘು ವಾಹನಗಳು ಹಲವು ವರ್ಷ ಬಳಕೆಯಲ್ಲಿದ್ದವು.

ಫ್ರಿಜ್: ಈ ವಿಭಾಗವು 1990ರ ದಶಕದ ಮೊದಲರ್ಧದಲ್ಲಿ ಟಾಟಾ ಸಮೂಹದ ವೋಲ್ಟಾಸ್ ಕಂಪನಿಯ ಪಾಲಾಯಿತು. ಮುಂದೆ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿಯು ವೋಲ್ಟಾಸಿನ ಫ್ರಿಜ್ ಉದ್ಯಮದಲ್ಲಿ ಪ್ರವೇಶ ಪಡೆದಾಗ ಆಲ್ವಿನ್ ಎಂಬ ಮಾರಾಟ ಹೆಸರೂ ಅದರೊಂದಿಗೆ ಸಾಗಿತು.

ಕೈಗಡಿಯಾರ ಮತ್ತು ಬಸ್ ಬಾಡಿ: ಈ ವಿಭಾಗಗಳು ಆಲ್ವಿನ್ ವಾಚಸ್ ಲಿಮಿಟೆಡ್ ಮತ್ತು ಆಲ್ವಿನ್ ಆಟೋ ಲಿಮಿಟೆಡ್ ಎಂಬ ಪ್ರತ್ಯೇಕ ಕಂಪನಿಗಳಾಗಿ ಆಂಧ್ರಪ್ರದೇಶ ಸರ್ಕಾರದ ಬಳಿಯೇ ಉಳಿದವು. ಎರಡೂ ಚೇತರಿಸಿಕೊಳ್ಳಲಿಲ್ಲ. ಉತ್ಪಾದನೆ ನಿಂತ ಬಳಿಕವೂ ಅವುಗಳ ಹೆಸರು ಕಾರ್ಯನಿರತವಲ್ಲದ ಸರ್ಕಾರಿ ಕಂಪನಿಗಳ ಪಟ್ಟಿಯಲ್ಲಿ ಬಹುಕಾಲ ಉಳಿದುಕೊಂಡಿತು.

ಹೀಗೆ ಕೊಳ್ಳುವವರು ದೊರೆತ ವಿಭಾಗಗಳು ಹೊರಹೋದವು. ದೊರೆಯದ ವಿಭಾಗಗಳು ಸರ್ಕಾರದ ಬಳಿ ಉಳಿದು ನಿಂತುಹೋದವು. ಕಂಪನಿಯ ಮೂಲ ಕಸುಬಾಗಿದ್ದ ಬಸ್ ಬಾಡಿ ನಿರ್ಮಾಣವೂ ಉಳಿಯದವುಗಳ ಸಾಲಿಗೆ ಸೇರಿತು. ಇಂತಹ ಪುನಾರಚನೆಯ ಭಾರ ಹೆಚ್ಚಾಗಿ ಬೀಳುವುದು ಕಾರ್ಮಿಕರ ಮೇಲೆ. ತಗಡು ಒತ್ತುವ ಅಥವಾ ಗಡಿಯಾರ ಜೋಡಿಸುವ ಒಂದೇ ಕೆಲಸದಲ್ಲಿ ವರ್ಷಗಟ್ಟಲೆ ಪಳಗಿದ ನಡುವಯಸ್ಸಿನ ಕಾರ್ಮಿಕನಿಗೆ ಅದೇ ಕುಶಲತೆ ಬೇಡುವ ಇನ್ನೊಂದು ಕೆಲಸ ದೊರೆಯುವುದು ಸುಲಭವಲ್ಲ. ಕಂಪನಿಯ ಹೆಸರು, ಯಂತ್ರ ಮತ್ತು ಭೂಮಿಗೆ ಬೆಲೆ ಕಟ್ಟಬಹುದು. ಕೈಯಲ್ಲಿ ನೆಲೆಸಿದ ಕಸುಬಿಗೆ ಹಾಗೆ ಬೆಲೆ ಕಟ್ಟಿ ಮತ್ತೊಬ್ಬರಿಗೆ ವರ್ಗಾಯಿಸಲಾಗದು.

ಇತರ ಜಪಾನೀ ಸಹಯೋಗಗಳೊಂದಿಗೆ ಹೋಲಿಕೆ

ಆಲ್ವಿನ್ ನಿಸ್ಸಾನ್ ಜೊತೆಗೆ ಆರಂಭವಾದ ಉಳಿದ ಮೂರು ಕಂಪನಿಗಳ ಗತಿಯನ್ನು ನೋಡಿದರೆ ಇದು ಕೇವಲ ಒಂದು ಸರ್ಕಾರಿ ಉದ್ಯಮದ ಸಮಸ್ಯೆಯಲ್ಲವೆಂದು ತಿಳಿಯುತ್ತದೆ. ಡಿಸಿಎಂ ಟೊಯೋಟಾದಿಂದ ಟೊಯೋಟಾ ಹೊರನಡೆಯಿತು. 1990ರ ದಶಕದ ಮಧ್ಯದಲ್ಲಿ ಕೊರಿಯಾದ ಡೇವೂ ಅದನ್ನು ಕಾರು ಕಾರ್ಖಾನೆಯಾಗಿ ಪರಿವರ್ತಿಸಿತು. ಐಷರ್ ಕ್ರಮೇಣ ಸ್ವಂತ ಬಲದಿಂದ ಬೆಳೆದು 2008ರಲ್ಲಿ ಸ್ವೀಡನ್ನಿನ ವೋಲ್ವೊ ಜೊತೆ ಜಂಟಿ ಉದ್ಯಮ ಸ್ಥಾಪಿಸಿತು. ಸ್ವರಾಜ್ ಮಜ್ದಾ 2011ರಲ್ಲಿ ಎಸ್‌ಎಂಎಲ್ ಇಸುಜು ಎಂದು ಹೆಸರು ಬದಲಿಸಿಕೊಂಡಿತು. 2025ರಲ್ಲಿ ಅದರ ಬಹುಪಾಲು ಷೇರುಗಳನ್ನು ಮಹೀಂದ್ರಾ ಕೊಂಡಿತು. ಇದರಿಂದ ನಾಲ್ಕರಲ್ಲಿ ಎರಡು ಕಂಪನಿಗಳು ಕೊನೆಗೆ ಒಂದೇ ಸಮೂಹದ ತೆಕ್ಕೆಗೆ ಬಂದಂತಾಯಿತು.

ಯೆನ್ ಬೆಲೆಯ ಏಟು ನಾಲ್ಕಕ್ಕೂ ಬಿದ್ದಿತು. ಬಿಡಿಭಾಗಗಳನ್ನು ಬೇಗ ದೇಶೀಯಗೊಳಿಸಿ, ಒಂದೇ ಕ್ಷೇತ್ರದಲ್ಲಿ ಗಮನವಿಟ್ಟು, ಮಾರಾಟ ಮತ್ತು ದುರಸ್ತಿಯ ಜಾಲವನ್ನು ಹಬ್ಬಿಸಿದ ಕಂಪನಿಗಳಿಗೆ ಅದನ್ನು ತಾಳಿಕೊಳ್ಳುವುದು ಸಾಧ್ಯವಾಯಿತು.

ಇಂದಿನ ಸ್ಥಿತಿ

ಜಹೀರಾಬಾದಿನ ಕಾರ್ಖಾನೆ ಮುಚ್ಚಲಿಲ್ಲ. ಮಹೀಂದ್ರಾ ಅದನ್ನು ವಿಸ್ತರಿಸಿ, ಟ್ರ್ಯಾಕ್ಟರ್ ತಯಾರಿಕೆಯ ಪ್ರಮುಖ ಕೇಂದ್ರವನ್ನಾಗಿ ಮಾಡಿತು. 2014ರಲ್ಲಿ ತೆಲಂಗಾಣ ರಾಜ್ಯ ರಚನೆಯಾದ ಬಳಿಕ ಈ ಪಟ್ಟಣವು ತೆಲಂಗಾಣಕ್ಕೆ ಸೇರಿತು. ಈಗ ಅದು ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ತೊಗರಿ, ಕಬ್ಬು, ಸೋಯಾ ಬೆಳೆಯುವ ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳಂತಹ ಒಕ್ಕಲುತನದ ಪ್ರದೇಶದ ನೆರೆಯಲ್ಲಿಯೇ ಟ್ರ್ಯಾಕ್ಟರ್ ಕಾರ್ಖಾನೆ ಇರುವುದು ಇಂದಿನ ಸ್ಥಿತಿ.

ಹೈದರಾಬಾದಿನಲ್ಲಿ ಕಂಪನಿಯ ಹೆಸರು ಸ್ಥಳನಾಮಗಳಾಗಿ ಉಳಿದಿದೆ. ಕುಕಟ್‌ಪಲ್ಲಿ ಭಾಗದಲ್ಲಿ ಆಲ್ವಿನ್ ಕಾಲೊನಿ ಎಂಬ ಬಡಾವಣೆಯಿದೆ. ಮಿಯಾಪುರದ ಹೆದ್ದಾರಿ ಕೂಡುರಸ್ತೆಗೆ ಆಲ್ವಿನ್ ಕ್ರಾಸ್ ರೋಡ್ಸ್ ಎಂಬ ಹೆಸರಿದೆ. ಬೀದರ್‌ನಿಂದ ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ಮಾರ್ಗವಾಗಿ ಹೈದರಾಬಾದಿಗೆ ಹೋಗುವ ಬಸ್ಸುಗಳು ಈ ಕೂಡುರಸ್ತೆಯನ್ನು ದಾಟಿಯೇ ನಗರವನ್ನು ಪ್ರವೇಶಿಸುತ್ತವೆ.

ಕಾಲಾನುಕ್ರಮಣಿಕೆ

1929 – ಹೈದರಾಬಾದ್ ಸಂಸ್ಥಾನದಲ್ಲಿ ಕೈಗಾರಿಕಾ ಟ್ರಸ್ಟ್ ನಿಧಿಯ ಸ್ಥಾಪನೆ
1932 – ನಿಜಾಮ್ ಸರ್ಕಾರಿ ರೈಲ್ವೆಯ ರಸ್ತೆ ಸಾರಿಗೆ ವಿಭಾಗದ ಆರಂಭ
1942 – ಹೈದರಾಬಾದ್ ಆಲ್ವಿನ್ ಮೆಟಲ್ ವರ್ಕ್ಸ್ ಸ್ಥಾಪನೆ
1948 – ಹೈದರಾಬಾದ್ ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರ್ಪಡೆ
1951 – ರಸ್ತೆ ಸಾರಿಗೆ ವಿಭಾಗ ರೈಲ್ವೆಯಿಂದ ಬೇರ್ಪಡೆ
1956 – ರಾಜ್ಯ ಪುನರ್ವಿಂಗಡಣೆ. ಬೀದರ್ ಮೈಸೂರು ರಾಜ್ಯಕ್ಕೆ, ಜಹೀರಾಬಾದ್ ಆಂಧ್ರಪ್ರದೇಶಕ್ಕೆ
1980ರ ದಶಕ – ಸೀಕೊ ನೆರವಿನ ಕೈಗಡಿಯಾರ. ಜಹೀರಾಬಾದಿನಲ್ಲಿ ಆಲ್ವಿನ್ ನಿಸ್ಸಾನ್
1985 – ಪ್ಲಾಜಾ ಒಪ್ಪಂದ. ಯೆನ್ ಬೆಲೆಯ ಏರಿಕೆ
1986 – ಟಾಟಾ 407 ಮಾರುಕಟ್ಟೆಗೆ
1991 – ಹೊಸ ಕೈಗಾರಿಕಾ ನೀತಿ
1990ರ ದಶಕ – ಫ್ರಿಜ್ ವಿಭಾಗ ವೋಲ್ಟಾಸಿಗೆ. ವಾಹನ ಕಂಪನಿ ಮಹೀಂದ್ರಾದಲ್ಲಿ ವಿಲೀನ
2014 – ತೆಲಂಗಾಣ ರಾಜ್ಯ ರಚನೆ. ಜಹೀರಾಬಾದ್ ಆ ರಾಜ್ಯಕ್ಕೆ